ಮುಂಡರಗಿ ಕಡೆ 4 ಎಕರೆಯಲ್ಲಿ ಮನೆ ಊಟ ಬೆಳೆಯಬಹುದಾ?

ಹುಬ್ಬಳ್ಳಿಯವ: ಕೆಲಸ ಬಿಟ್ಟು ಗದಗ ಜಿಲ್ಲೆಯ ಮುಂಡರಗಿ ಹತ್ತಿರ 4 ಎಕರೆ ಎರೆಹೊಲ (ಕಪ್ಪು ಮಣ್ಣಿನ ಹೊಲ) ತಗೊಂಡು, ನಮ್ಮ ಊಟ ನಾವೇ ಬೆಳೆದುಕೊಂಡು ಇರೋಣ ಅಂತಿದ್ದೇನೆ. ಮನೆಯಲ್ಲಿ ನಾಲ್ಕು ಜನ. ಮೊದಲು ಏನು ನೋಡಬೇಕು?

ಎರೆಮಣ್ಣು: ನೀರು ನೋಡಿ ಸರ್. ಆ ತಾಲೂಕಿನ ಬೋರ್ ನೀರಲ್ಲಿ ಫ್ಲೋರೈಡ್ ಸಮಸ್ಯೆ ಇದೆ, ಪರೀಕ್ಷೆ ಮಾಡಿಸದೆ ಕುಡಿಯಬೇಡಿ. ಹಿಂಗಾರಿ ಜೋಳ, ಕಡಲೆ ಎರೆಯ ತೇವದಲ್ಲೇ ಬರುತ್ತವೆ, ಆದರೆ ಮಳೆನೀರು ಹಿಡಿದಿಡೋ ಕೃಷಿ ಹೊಂಡ ಇಲ್ಲದಿದ್ದರೆ ಬೇಸಿಗೆಯಲ್ಲಿ ಕಾಯಿಪಲ್ಯ ಮರೆತುಬಿಡಿ.

ಕಲಘಟಗಿ ಗದ್ದೆ: ಅನ್ನ ಬೇಕಂದ್ರೆ ನಮ್ಮ ಕಲಘಟಗಿ ಕಡೆ ಬನ್ನಿ. ಮಳೆ ಜಾಸ್ತಿ, ಭತ್ತ ಬರುತ್ತದೆ. ಹಂದಿ ಕಾಟ ಮಾತ್ರ ಕೇಳಬೇಡಿ, ಹೋದ ವರ್ಷ ನಮ್ಮ ಗೋವಿನಜೋಳ ಒಂದೇ ರಾತ್ರಿಗೆ ಮಲಗಿತ್ತು.

ಎರೆಮಣ್ಣು: ಇನ್ನೊಂದು. ಸುಮ್ನೆ ಬೇಸಿಗೆಯಲ್ಲಿ ಹೊಲ ನೋಡಿ ಅಡ್ವಾನ್ಸ್ ಕೊಡಬೇಡಿ. ಮಳೆ ಬಿದ್ದ ಮರುದಿನ ಹೋಗಿ. ಎರೆ ಬೈಕಿನ ಮಡ್‌ಗಾರ್ಡ್‌ಗೆ ಮೆತ್ತಿ ಚಕ್ರವೇ ತಿರುಗಲ್ಲ, ಆಗ ದಾರಿ ಎಂಥದ್ದು ಅಂತ ಗೊತ್ತಾಗುತ್ತದೆ.