ಡಿವಿಡಿ ಬರೆಯುವಾಗ ಕಂಪ್ಯೂಟರ್ ತೀರಾ ನಿಧಾನವಾಗುತ್ತಿದೆ, ದಯವಿಟ್ಟು ಸಹಾಯ ಮಾಡಿ

ಎಲ್ಲರಿಗೂ ನಮಸ್ಕಾರ. ತಂದೆಯವರು ಕ್ಯಾಸೆಟ್‌ಗಳಲ್ಲಿ ಕಾಪಾಡಿಕೊಂಡು ಬಂದ ಯಕ್ಷಗಾನದ ವಿಡಿಯೊಗಳನ್ನು ವಿಂಡೋಸ್ ಎಕ್ಸ್‌ಪಿ ಇರುವ ಮನೆಯ ಕಂಪ್ಯೂಟರಿನಿಂದ ಡಿವಿಡಿಗೆ ಬರೆಯುತ್ತಿದ್ದೇನೆ. ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯತೊಡಗಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ. 16ಎಕ್ಸ್ ವೇಗದಲ್ಲಿ ಆರೇಳು ನಿಮಿಷಗಳಲ್ಲಿ ಮುಗಿಯಬೇಕಾದ 4.7 ಜಿಬಿ ಡಿಸ್ಕ್ ಈಗ ಅರ್ಧ ಗಂಟೆಗೂ ಹೆಚ್ಚು ಸಮಯ ತೆಗೆದುಕೊಳ್ಳುತ್ತಿದ್ದು, ಆ ಹೊತ್ತಿನಲ್ಲಿ ಮೌಸ್ ಕೂಡ ತಡೆತಡೆದು ಚಲಿಸುತ್ತದೆ.

ಡಿವೈಸ್ ಮ್ಯಾನೇಜರಿನಲ್ಲಿ ರೈಟರ್ (ಡಿವಿಡಿ ಬರೆಯುವ ಡ್ರೈವ್) ಇರುವ ಸೆಕೆಂಡರಿ ಐಡಿಇ ಚಾನೆಲ್, ಅಂದರೆ ಡ್ರೈವನ್ನು ಮದರ್‌ಬೋರ್ಡಿಗೆ ಜೋಡಿಸುವ ಎರಡನೇ ಸಂಪರ್ಕ, ಡಿಎಂಎ (ಪ್ರೊಸೆಸರಿಗೆ ಹೊರೆಯಾಗದೆ ಡೇಟಾವನ್ನು ನೇರವಾಗಿ ಮೆಮೊರಿಗೆ ಸಾಗಿಸುವ ವಿಧಾನ) ಬದಲು ಪಿಐಒ (ಪ್ರೊಸೆಸರೇ ಡೇಟಾ ಸಾಗಿಸುವ ಹಳೆಯ ವಿಧಾನ) ಮೋಡ್ ತೋರಿಸುತ್ತಿದೆ. 16ಎಕ್ಸ್ ಬರವಣಿಗೆಗೆ ಸೆಕೆಂಡಿಗೆ ಸುಮಾರು 22 ಎಂಬಿ ಬೇಕು. ಪಿಐಒ ಹೆಚ್ಚೆಂದರೆ 16.6 ಎಂಬಿ ಸಾಗಿಸುತ್ತದೆ, ಅದನ್ನೂ ಪ್ರೊಸೆಸರಿನ ಮೇಲೆಯೇ ಹೊರೆ ಹಾಕಿ. ಹಾಗಾಗಿ ನಿಧಾನದ ಕಾರಣ ಇದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆ ಚಾನೆಲನ್ನು ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರನ್ನು ಮತ್ತೆ ಆರಂಭಿಸಿದರೆ ಡಿಎಂಎ ಮರಳಿ ಬರುತ್ತದೆ, ಕೆಲವು ಡಿಸ್ಕ್‌ಗಳು ಸರಿಯಾಗಿ ಬರೆಯಲ್ಪಡುತ್ತವೆ, ಅನಂತರ ಪುನಃ ಪಿಐಒಗೆ ಇಳಿಯುತ್ತದೆ. ಡಿಸ್ಕ್‌ನ ಬ್ರ್ಯಾಂಡ್ ಬದಲಿಸಿದೆ, 8ಎಕ್ಸ್ ವೇಗಕ್ಕೆ ಇಳಿಸಿದೆ, ಡಿಫ್ರ್ಯಾಗ್ ಮಾಡಿದೆ, ಆಂಟಿವೈರಸ್ ನಿಲ್ಲಿಸಿಯೂ ನೋಡಿದೆ; ವ್ಯತ್ಯಾಸವಾಗಲಿಲ್ಲ. ಸಾಗಣೆಯಲ್ಲಿ ದೋಷಗಳು ಮರುಕಳಿಸಿದಾಗ ಎಕ್ಸ್‌ಪಿ ತಾನಾಗಿಯೇ ಮೋಡ್ ಇಳಿಸುತ್ತದೆ ಎಂದು ತಿಳಿದಿದ್ದೇನೆ, ಆದರೆ ಆ ದೋಷ ಹುಟ್ಟುವುದು ಎಲ್ಲಿ ಎಂಬುದೇ ತಿಳಿಯುತ್ತಿಲ್ಲ. ರೈಟರನ್ನು ಮದರ್‌ಬೋರ್ಡಿಗೆ ಜೋಡಿಸಲು ಈಗಿರುವುದು 40 ತಂತಿಗಳ ಹಳೆಯ ಕೇಬಲ್.

ನನ್ನ ಪ್ರಶ್ನೆ ಇಷ್ಟೇ: ಮೊದಲು 80 ತಂತಿಗಳ ಕೇಬಲ್ ಹಾಕಿ ನೋಡಬೇಕೇ, ಅಥವಾ ರೈಟರನ್ನೇ ಬದಲಿಸಬೇಕೇ? ಹಣ ಖರ್ಚು ಮಾಡುವ ಮೊದಲು ದೋಷ ಇವೆರಡರಲ್ಲಿ ಯಾವುದರದ್ದು ಎಂದು ಮನೆಯಲ್ಲೇ ಖಚಿತಪಡಿಸಿಕೊಳ್ಳುವ ವಿಧಾನವೇನಾದರೂ ಇದೆಯೇ?