ಹೊಂಗೆ ಗಿಡ ಬೋಳಾಗಿ ಮತ್ತೆ ಚಿಗುರಿದೆ, ವಾರ ವಾರ ಏನು ಬರೆದಿಡಬೇಕು?

ಹೊಸಚಿಗುರು:
ಮನೆ ಮುಂದೆ ಹೊಂಗೆ ನೆಟ್ಟು ಮೂರು ವರ್ಷ ಆಯಿತು. ಈಗ ನನಗಿಂತ ಎತ್ತರ ಇದೆ. ಈ ಸಲ ಫೆಬ್ರವರಿ ಕೊನೆಯಲ್ಲಿ ಎಲೆಯೆಲ್ಲ ಹಳದಿಯಾಗಿ ಉದುರಲು ಶುರುವಾಯಿತು, ಹತ್ತು ದಿನದಲ್ಲಿ ಗಿಡ ಪೂರ್ತಿ ಬೋಳು. ನೀರು ಸಾಲಲಿಲ್ಲ ಅಂದುಕೊಂಡು ಎರಡೂ ಹೊತ್ತು ಕೊಡಗಟ್ಟಲೆ ಸುರಿದೆ. ಬೇರು ಕೊಳೆತಿದೆ, ಕಿತ್ತು ಹಾಕಿ ಎಂದು ಒಬ್ಬರು ಹೇಳಿದರು. ಮನಸ್ಸು ಬರಲಿಲ್ಲ. ಮುಂದಿನ ವಾರ ನೋಡಿದರೆ ತುದಿ ತುದಿಯಲ್ಲೂ ಮಿರಿ ಮಿರಿ ಚಿಗುರು, ಅವತ್ತು ಆದ ಖುಷಿ ಅಷ್ಟಿಷ್ಟಲ್ಲ.

ಇದು ಪ್ರತಿ ವರ್ಷ ಆಗುವುದೇ ಅಲ್ವಾ? ಹೂವು ಯಾವಾಗ ಬರುತ್ತದೆ? ಹಳೆ ಎಲೆಗಳ ಮೇಲೆ ಬೆರಳಿನ ತುದಿಯಂಥ ಸಣ್ಣ ಗುಳ್ಳೆಗಳಿದ್ದವು, ಅದು ರೋಗವೇ? ಇನ್ನು ಮುಂದೆ ಗಿಡದ ದಿನಚರಿ ಬರೆದಿಡಬೇಕು ಅಂತಿದ್ದೇನೆ. ಹೇಗೆ ಬರೆಯಬೇಕು, ತಿಳಿದವರು ಹೇಳಿ.

ಮಣ್ಣುಹುಳ:
ಕೀಳದೆ ಇದ್ದಿರಲ್ಲ, ಅದೇ ದೊಡ್ಡದು. ಬೇಸಿಗೆ ಹತ್ತಿರ ಬಂದಾಗ ಹೊಂಗೆ ಹಳೆ ಎಲೆ ಕಳಚಿಕೊಳ್ಳುತ್ತದೆ. ಎಲೆಯಿಂದ ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ, ಒಣ ತಿಂಗಳಲ್ಲಿ ಆ ಖರ್ಚನ್ನು ಮರ ಹೀಗೆ ಉಳಿಸಿಕೊಳ್ಳುತ್ತದೆ. ಆದರೆ ಹೊಂಗೆ ಬೋಳಾಗಿ ನಿಲ್ಲುವುದು ಕೆಲವೇ ದಿನ. ಬಿಸಿಲು ಏರುವ ಹೊತ್ತಿಗೆ ಹೊಸ ಎಲೆ ತುಂಬಿ, ನೆರಳು ಬೇಕಾದಾಗಲೇ ನೆರಳು ಕೊಡುತ್ತದೆ. ಈ ಮರ ನನಗೆ ಇಷ್ಟವಾಗುವುದೇ ಅದಕ್ಕೆ.

ಎರಡು ಹೊತ್ತು ನೀರು ಮಾತ್ರ ನಿಲ್ಲಿಸಿ. ಬೋಳು ಗಿಡಕ್ಕೆ ಅಷ್ಟು ನೀರು ಬೇಡ, ಮಣ್ಣು ಸದಾ ಕೆಸರಾಗಿದ್ದರೆ ಬೇರಿಗೆ ಉಸಿರು ಕಟ್ಟುತ್ತದೆ. ಮೂರು ವರ್ಷದ ಗಿಡಕ್ಕೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಚೆನ್ನಾಗಿ ಇಳಿಯುವಂತೆ ಕೊಟ್ಟರೆ ಸಾಕು, ಅದೂ ಕಾಂಡದ ಬುಡಕ್ಕಲ್ಲ, ಸ್ವಲ್ಪ ದೂರದಲ್ಲಿ ಸುತ್ತ ಪಾತಿ ಮಾಡಿ. ಉದುರಿದ ಎಲೆಯನ್ನು ಗುಡಿಸಿ ಸುಡಬೇಡಿ, ಪಾತಿಗೇ ಹಾಕಿ. ಹೊಂಗೆ ಹುರುಳಿ, ತೊಗರಿಯ ಜಾತಿಗೆ ಸೇರಿದ್ದು, ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುತ್ತದೆ. ಹಾಗಾಗಿ ಗೊಬ್ಬರದ ಚಿಂತೆ ಜಾಸ್ತಿ ಬೇಡ.

ಹೂವಿಗೆ ಇನ್ನೂ ಕಾಯಬೇಕು. ಸಾಮಾನ್ಯವಾಗಿ 4ರಿಂದ 7 ವರ್ಷಕ್ಕೆ ಶುರುವಾಗುತ್ತದೆ.

ಎಲೆಲೆಕ್ಕ:
ನಾನು ವರ್ಷಗಳಿಂದ ಒಂದೇ ಹೊಂಗೆಯನ್ನು ನೋಡಿ ಬರೆಯುತ್ತಿದ್ದೇನೆ. ಮೊದಲು ತಿಂಗಳಿಗೊಮ್ಮೆ ಬರೆಯುತ್ತಿದ್ದೆ. ಒಂದು ವರ್ಷ ಎಲೆ ಉದುರಿದ್ದೂ ಚಿಗುರಿದ್ದೂ ಎರಡು ಬರಹದ ನಡುವೆ ಮುಗಿದೇ ಹೋಗಿತ್ತು! ನನ್ನ ಪುಸ್ತಕದ ಪ್ರಕಾರ ಆ ವರ್ಷ ಮರ ಎಲೆಯನ್ನೇ ಉದುರಿಸಲಿಲ್ಲ. ಆದ್ದರಿಂದ ವಾರಕ್ಕೊಮ್ಮೆ, ಅದೇ ದಿನ, ಅದೇ ಜಾಗದಲ್ಲಿ ನಿಂತು ನೋಡಿ.

ಏನು ಬರೆಯಬೇಕು ಅಂದರೆ, ಎಲೆಯಲ್ಲಿ ಚಿಗುರು, ಬಲಿತದ್ದು, ಹಣ್ಣಾದದ್ದು. ಹೂವಿನಲ್ಲಿ ಮೊಗ್ಗು, ಅರಳಿದ್ದು. ಕಾಯಲ್ಲಿ ಎಳೆಯದು, ಬಲಿತದ್ದು. ಪ್ರತಿಯೊಂದರ ಮುಂದೆ ಇಲ್ಲ, ಸ್ವಲ್ಪ, ತುಂಬಾ ಎಂದು ಒಂದೇ ಪದ. ಮರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಸ್ವಲ್ಪ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ದೇಶದ ಬೇರೆ ಬೇರೆ ಕಡೆಯ ಜನ ಹೆಚ್ಚುಕಡಿಮೆ ಹೀಗೇ ಮರಗಳನ್ನು ವಾರ ವಾರ ದಾಖಲಿಸುತ್ತಾರೆ, ನೀವೂ ಸೇರಿಕೊಳ್ಳಬಹುದು. ಒಂದು ಮಾತು ಮಾತ್ರ ಮರೆಯಬೇಡಿ, ಏನೂ ಇಲ್ಲದ ವಾರವೂ 'ಇಲ್ಲ' ಎಂದು ಬರೆಯಿರಿ. ಖಾಲಿ ಬಿಟ್ಟರೆ ಹೂವು ಇರಲಿಲ್ಲವೋ, ನೀವೇ ನೋಡಲಿಲ್ಲವೋ, ಆಮೇಲೆ ಗೊತ್ತಾಗುವುದಿಲ್ಲ.

ವರ್ಷಕ್ಕೊಮ್ಮೆ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದುಕೊಳ್ಳಿ, ಪ್ರತಿ ಸಲ ಅದೇ ತಿಂಗಳಲ್ಲಿ.

ಗಂಟುಹುಳು:
ಗುಳ್ಳೆ ಬಗ್ಗೆ ಯಾರೂ ಹೇಳಲಿಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ. ಎಲೆಯೇ ಅದರ ಸುತ್ತ ಬೆಳೆದು ಗೂಡಾಗುತ್ತದೆ. ನೋಡಲು ಭಯ ಹುಟ್ಟಿಸುತ್ತದೆ, ಆದರೆ ಮರ ಇದರಿಂದ ಸಾಯುವುದಿಲ್ಲ. ಔಷಧಿ ಹೊಡೆಯಬೇಡಿ, ಹೊಂಗೆಗೆ ಬರುವ ಜೇನಿಗೂ ಅದು ವಿಷ. ನಿಮ್ಮ ಪುಸ್ತಕದಲ್ಲಿ ಗುಳ್ಳೆಗೂ ಒಂದು ಸಾಲು ಇಡಿ, ಯಾವ ತಿಂಗಳು ಜಾಸ್ತಿ ಅನ್ನುವುದು ತಿಳಿಯುತ್ತದೆ.

ಮುಂದೆ ಹೂವು ಬಂದಾಗ ಇನ್ನೊಂದನ್ನು ಗಮನಿಸಿ. ಹೊಂಗೆ ಕಾಯಿ ಚಪ್ಪಟೆ, ಒಳಗೆ ಹೆಚ್ಚಾಗಿ ಒಂದೇ ಬೀಜ. ಗೊಂಚಲಲ್ಲಿ ಗುಂಡಗೆ ಉಬ್ಬಿದ್ದು ಕಂಡರೆ ಅದು ಕಾಯಿ ಅಲ್ಲ, ಸೊಳ್ಳೆಯಂಥ ಸಣ್ಣ ನೊಣ ಮೊಟ್ಟೆ ಇಟ್ಟ ಗಂಟು. ಅದನ್ನು ಕಾಯಿ ಲೆಕ್ಕಕ್ಕೆ ಸೇರಿಸಬೇಡಿ, ನಾನು ಎರಡು ವರ್ಷ ಸೇರಿಸಿ ತಪ್ಪು ಮಾಡಿದ್ದೆ. ಕಾಯಿ ಬಲಿಯಲು ಸುಮಾರು 10-11 ತಿಂಗಳು ಬೇಕು. ಹಾಗಾಗಿ ಹೊಸ ಹೂವೂ ಹಳೆ ಕಾಯೂ ಒಟ್ಟಿಗೆ ಕಂಡರೆ ಗಾಬರಿ ಬೇಡ, ಎರಡನ್ನೂ ಬರೆಯಿರಿ.

ಹೊಸಚಿಗುರು:
ಎಲ್ಲರಿಗೂ ತುಂಬಾ ಧನ್ಯವಾದ. ನೀರು ಕಡಿಮೆ ಮಾಡಿದೆ, ಎಲೆ ಪಾತಿಗೆ ಹಾಕಿದೆ. ಗೇಟಿನ ಪಕ್ಕದ ಕಲ್ಲಿನ ಮೇಲೆ ನಿಂತು ನೋಡುವುದು ಎಂದು ಜಾಗ ಗೊತ್ತು ಮಾಡಿಕೊಂಡಿದ್ದೇನೆ. ಭಾನುವಾರದ ಮೊದಲ ಬರಹ: ಚಿಗುರು ತುಂಬಾ, ಬಲಿತ ಎಲೆ ಸ್ವಲ್ಪ, ಹಣ್ಣೆಲೆ ಇಲ್ಲ, ಮೊಗ್ಗು ಇಲ್ಲ, ಹೂವು ಇಲ್ಲ, ಕಾಯಿ ಇಲ್ಲ, ಗುಳ್ಳೆ ಇಲ್ಲ. ಸುತ್ತಳತೆ 14 ಸೆಂಟಿಮೀಟರ್.