ಡಿಗ್ರಿ ಮುಗಿದ ಕೂಡಲೇ ಕಂಪನಿ ಶುರು ಮಾಡಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ನನಗೆ 22 ವರ್ಷ. ಹೊಸನಗರ ತಾಲ್ಲೂಕು. ಗೆಳೆಯನ ಜೊತೆ ಸೇರಿ ಅಡಿಕೆ ಹಾಳೆ ತಟ್ಟೆ ಮಾಡುವ ಪ್ರೈವೇಟ್ ಲಿಮಿಟೆಡ್ ಕಂಪನಿ ಶುರು ಮಾಡುವ ಯೋಚನೆ ಇದೆ. ಚಿಕ್ಕ ವಯಸ್ಸಲ್ಲೇ ಇಳಿದವರು ಏನು ಕಲಿತಿರಿ?

ತೀರ್ಥಹಳ್ಳಿಯಿಂದ:
ನಾನೂ ಹೆಚ್ಚುಕಮ್ಮಿ ಅದೇ ವಯಸ್ಸಿಗೆ ಇದೇ ಕೆಲಸಕ್ಕೆ ಇಳಿದವನು. ಮೆಷಿನ್ ಬಗ್ಗೆ ಎಲ್ಲರೂ ಹೇಳುತ್ತಾರೆ, ಮಳೆ ಬಗ್ಗೆ ಯಾರೂ ಹೇಳುವುದಿಲ್ಲ. ಒಳ್ಳೆ ಹಾಳೆ ಸಿಗುವುದು ಬೇಸಿಗೆಯಲ್ಲಿ. ಜೂನ್ ಬಂತೆಂದರೆ ತೋಟದಲ್ಲಿ ಬಿದ್ದದ್ದಕ್ಕೆಲ್ಲ ಬೂಷ್ಟು. ಹಾಗಾಗಿ ಮಳೆಗಾಲಕ್ಕೆ ಬೇಕಾದಷ್ಟನ್ನು ಮೇ ಒಳಗೇ ಕೊಂಡು, ಒಣಗಿಸಿ, ನೀರು ತಾಗದ ಕಡೆ ಪೇರಿಸಿ ಇಡಬೇಕು. ತೋಟದವರಿಗೆ ಕೈಮೇಲೆ ದುಡ್ಡು ಕೊಡಬೇಕು. ತಟ್ಟೆ ಕೊಂಡವರದ್ದು ಉದ್ರಿ. ನಡುವಿನ ತಿಂಗಳುಗಳಲ್ಲಿ ಕರೆಂಟ್ ಬಿಲ್, ಕೂಲಿ ಯಾವುದೂ ಕಾಯುವುದಿಲ್ಲ. ಮೆಷಿನ್‌ಗೆ ಸಾಲ ಹೇಗೋ ಹೊಂದಿಸಬಹುದು. ಈ ದುಡ್ಡು ಎಲ್ಲಿಂದ ಅಂತ ಮೊದಲು ಬರೆದುಕೊಳ್ಳಿ.

ಇನ್ನೊಂದು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹಾಳೆ ತಟ್ಟೆಯ ಆಮದಿಗೆ ತಡೆ ಹಾಕಿತು. ಅಡಿಕೆ ಮರದಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಊಟಕ್ಕೆ ಸೇರಬಹುದು ಎಂಬುದು ಅವರ ವಾದ. ರಫ್ತನ್ನೇ ನಂಬಿ ಲೆಕ್ಕ ಹಾಕಬೇಡಿ. ನಮ್ಮ ಕಡೆ ಮದುವೆ, ಗೃಹಪ್ರವೇಶದ ಊಟದಿಂದಲೇ ಖರ್ಚು ಹುಟ್ಟುತ್ತದಾ ನೋಡಿ.

ಶಿವಮೊಗ್ಗದಿಂದ, ಆಡಿಟರ್ ಆಫೀಸಿನಲ್ಲಿ ಕೆಲಸ:
ಪ್ರೈವೇಟ್ ಲಿಮಿಟೆಡ್ ಅಂತ ವಿಸಿಟಿಂಗ್ ಕಾರ್ಡಿನ ಮೇಲೆ ಚೆಂದ ಕಾಣುತ್ತದೆ. ಆದರೆ ವ್ಯಾಪಾರ ಆಗಲಿ ಬಿಡಲಿ, ವರ್ಷಾ ವರ್ಷ ಆಡಿಟ್ ಆಗಬೇಕು, ಆರ್‌ಒಸಿಗೆ, ಅಂದರೆ ಕಂಪನಿಗಳ ರಿಜಿಸ್ಟ್ರಾರ್ ಕಚೇರಿಗೆ, ರಿಟರ್ನ್ ಹೋಗಬೇಕು. ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಸುಮ್ನೆ ಬಾಗಿಲು ಹಾಕಿ ಹೋದರೂ ಅದು ಏರುತ್ತಲೇ ಇರುತ್ತದೆ. ಹೊರಗಿನ ಹೂಡಿಕೆ ಬರುವ ತನಕ ಪಾಲುದಾರಿಕೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿಯೂ ಹೊಣೆ, ಅದು ಗೊತ್ತಿರಲಿ. ಪಾಲುದಾರಿಕೆ ಪತ್ರ ಬರೆಸಿ, ಸಂಸ್ಥೆಯ ನೋಂದಣಿಯನ್ನೂ ಮಾಡಿಸಿ. ನೋಂದಣಿ ಇಲ್ಲದಿದ್ದರೆ ಗಿರಾಕಿಯ ಬಾಕಿಗೆ ಸಂಸ್ಥೆಯ ಹೆಸರಲ್ಲಿ ದಾವೆ ಹೂಡಲು ಆಗುವುದಿಲ್ಲ.

ನಿಮ್ಮ ಗೆಳೆಯನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೊರಟರೆ ಅವನ ಪಾಲು ಏನಾಗುತ್ತದೆ? ಅದೂ ಪತ್ರದಲ್ಲಿ ಇರಲಿ. ಈ ವಯಸ್ಸಲ್ಲಿ ಪಾಲುದಾರಿಕೆ ಜಗಳದಿಂದ ಮುರಿಯುವುದಕ್ಕಿಂತ ಆಫರ್ ಲೆಟರ್‌ನಿಂದ ಮುರಿಯುವುದೇ ಜಾಸ್ತಿ.

ಸಾಗರದಿಂದ:
ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಏಜೆಂಟರಿಗೆ ದುಡ್ಡು ಕೊಡಬೇಡಿ. ಅದಿದ್ದರೆ ಕಾನೂನಿನ ಪ್ರಕಾರ ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ಕಾನೂನು ಹಿಡಿದು ಹೋದರೆ ಆ ಗಿರಾಕಿ ಮತ್ತೆ ನಿಮ್ಮ ಕಡೆ ತಲೆ ಹಾಕುವುದಿಲ್ಲ, ಅಲ್ವಾ? ಅದಕ್ಕೇ ನಾನು ಹೊಸಬರ ಹತ್ತಿರ ಅರ್ಧ ಮುಂಗಡ ಕೇಳುತ್ತೇನೆ. ಚಿಕ್ಕವರು ಕೇಳಿದರೆ ನಗುತ್ತಾರೆ. "ಯಾರ ಮಗಳಮ್ಮ ನೀನು?" ಅಂತ ಶುರುವಾಗುತ್ತದೆ. ಅಪ್ಪನ ಹೆಸರು ಹೇಳಿದರೆ ಕಾಫಿ ಬರುತ್ತದೆ, ಮುಂಗಡ ಬರುವುದಿಲ್ಲ. ಕಾಫಿ ಕುಡಿದು ಮತ್ತೆ ಕೇಳಿ.